ಸರ್ಕಾರಿ ಕಲ್ಲಿದ್ದಲು ಗಣಿಗಳು: ಟನ್ನಿಗೆ 483 ರೂಪಾಯಿ ಲಾಭ ಎಂಬ ಲೆಕ್ಕ ಸರಿಯೇ?

ಸಾಗರದ ವಾಣಿಜ್ಯ ಉಪನ್ಯಾಸಕ:

ಮಾನ್ಯರೇ, ನಾನು ಪದವಿ ತರಗತಿಗಳಿಗೆ ವೆಚ್ಚ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಪ್ರತಿವರ್ಷ ಅಡಿಕೆ ಮಂಡಿಯ ಲೆಕ್ಕವನ್ನೇ ಉದಾಹರಣೆಯಾಗಿ ಕೊಡುತ್ತಿದ್ದವನು ಈ ಬಾರಿ ಕೇಂದ್ರ ಸರ್ಕಾರದ ಕಲ್ಲಿದ್ದಲು ಕಂಪನಿಯಾದ ಕೋಲ್ ಇಂಡಿಯಾದ 2023-24ರ ಅಂಕಿಗಳನ್ನು ತೆಗೆದುಕೊಂಡೆ. ಉತ್ಪಾದನೆ 77.36 ಕೋಟಿ ಟನ್, ನಿವ್ವಳ ಲಾಭ 37,402 ಕೋಟಿ ರೂಪಾಯಿ; ಭಾಗಿಸಿದರೆ ಟನ್ನಿಗೆ ಸುಮಾರು 483 ರೂಪಾಯಿ ಲಾಭ ಬರುತ್ತದೆ. ಆಗ ವಿದ್ಯಾರ್ಥಿನಿಯೊಬ್ಬಳು, ಇಷ್ಟು ಲಾಭವಿರುವ ಕಂಪನಿಯ ಸುರಂಗ ಗಣಿಗಳು ನಷ್ಟದಲ್ಲಿವೆ ಎಂದು ಏಕೆ ಹೇಳುತ್ತಾರೆ, ಮೆಸ್ಕಾಂನ ವಿದ್ಯುತ್ ಬಿಲ್ಲಿನಲ್ಲಿ ಇಂಧನ ವೆಚ್ಚ ಹೊಂದಾಣಿಕೆ ಶುಲ್ಕ ಏಕೆ ಬರುತ್ತದೆ ಎಂದು ಕೇಳಿದಳು. ನನ್ನಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಶಿವಮೊಗ್ಗದ ಲೆಕ್ಕಪರಿಶೋಧಕ:

ತಮ್ಮ ಭಾಗಾಕಾರ ಸರಿಯಾಗಿದೆ, ಆದರೆ ಲಾಭ ಬರುವುದು ಅಗೆದ ಕಲ್ಲಿದ್ದಲಿನಿಂದಲ್ಲ, ಮಾರಾಟವಾದ ಕಲ್ಲಿದ್ದಲಿನಿಂದ. ಆ ವರ್ಷ ಮಾರಾಟವಾದದ್ದು ಸುಮಾರು 75.3 ಕೋಟಿ ಟನ್. ಮೇಲಾಗಿ ಆ ಲಾಭದಲ್ಲಿ ಬ್ಯಾಂಕ್ ಠೇವಣಿಯ ಬಡ್ಡಿಯೂ ಇದೆ, ನಿಗದಿತ ದರಕ್ಕಿಂತ ಹೆಚ್ಚಿಗೆ ಇ-ಹರಾಜಿನಲ್ಲಿ ಮಾರಿದ ಕಲ್ಲಿದ್ದಲಿನ ಹಣವೂ ಇದೆ.

ಇವೆಲ್ಲ ಸಣ್ಣ ತಿದ್ದುಪಡಿಗಳು. ನಿಜವಾದ ತೊಡಕಿರುವುದು ಸರಾಸರಿಯಲ್ಲಿ. ಛತ್ತೀಸಗಢದ ಕೋರ್ಬಾ ಬಳಿಯ ಗೇವ್ರಾ ತೆರೆದ ಗಣಿಯೊಂದೇ 2022-23ರಲ್ಲಿ 5 ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ಕೊಟ್ಟಿತು. ಕೋಲ್ ಇಂಡಿಯಾದ ಎಲ್ಲ ಸುರಂಗ ಗಣಿಗಳೂ ಸೇರಿ ಅದೇ ವರ್ಷ ಕೊಟ್ಟದ್ದು ಅದರ ಅರ್ಧದಷ್ಟು ಮಾತ್ರ. ಗೇವ್ರಾದಲ್ಲಿ ದಪ್ಪನೆಯ ಪದರ ನೆಲಕ್ಕೆ ಹತ್ತಿರದಲ್ಲೇ ಇರುವುದರಿಂದ ಭಾರಿ ಯಂತ್ರಗಳು ಅದನ್ನು ಬಾಚಿ ತೆಗೆಯುತ್ತವೆ. ಪಶ್ಚಿಮ ಬಂಗಾಳದ ರಾಣಿಗಂಜದ ಹಳೆಯ ಸುರಂಗಗಳಲ್ಲಾದರೋ ಗಾಳಿ ಆಡಿಸಬೇಕು, ನೀರು ಹೊರಹಾಕಬೇಕು, ಚಾವಣಿಗೆ ಆಧಾರ ಕೊಡಬೇಕು, ಅಗೆದ ಜಾಗಕ್ಕೆ ಮರಳು ತುಂಬಬೇಕು, ಇಷ್ಟೆಲ್ಲ ಮಾಡಿದ ಮೇಲೂ ಒಬ್ಬ ಕಾರ್ಮಿಕನ ಪಾಳಿಗೆ ಸಿಗುವ ಕಲ್ಲಿದ್ದಲು ಕಡಿಮೆಯೇ. ವೇತನವಾದರೋ ಎರಡೂ ಕಡೆ ಒಂದೇ ರಾಷ್ಟ್ರೀಯ ಒಪ್ಪಂದದಂತೆ ನಡೆಯುತ್ತದೆ. 2023ರ ಮೇ ತಿಂಗಳಲ್ಲಿ ಸಹಿಯಾದ ಹನ್ನೊಂದನೆಯ ಒಪ್ಪಂದ ಶೇ. 19ರಷ್ಟು ಹೆಚ್ಚಳವನ್ನು 2021ರ ಜುಲೈಯಿಂದಲೇ ಅನ್ವಯಿಸಿತು. ಮಾರಾಟದ ದರವೂ ಬಹುಪಾಲು ಕಲ್ಲಿದ್ದಲಿನ ಶಾಖಮೌಲ್ಯದ ದರ್ಜೆಯನ್ನು ನೋಡಿ ನಿಗದಿಯಾಗುತ್ತದೆಯೇ ಹೊರತು ಅಗೆಯಲು ತಗುಲಿದ ಖರ್ಚನ್ನು ನೋಡಿ ಅಲ್ಲ. ಕೂಲಿ ಒಂದೇ, ದರ ಹೆಚ್ಚುಕಡಿಮೆ ಒಂದೇ, ನೆಲ ಮಾತ್ರ ಬೇರೆ. ಸುರಂಗದ ನಷ್ಟವನ್ನು ತೆರೆದ ಗಣಿಯ ಲಾಭ ತುಂಬಿಕೊಡುತ್ತದೆ.

ಇನ್ನೊಂದು ಎಚ್ಚರಿಕೆ. 1975ರಲ್ಲಿ ಕಂಪನಿ ಸ್ಥಾಪನೆಯಾದಾಗ ಆರು ಲಕ್ಷಕ್ಕೂ ಹೆಚ್ಚಿದ್ದ ನೌಕರರ ಸಂಖ್ಯೆ 2024ರ ಹೊತ್ತಿಗೆ 2.3 ಲಕ್ಷದ ಆಸುಪಾಸಿಗೆ ಇಳಿದಿತ್ತು ಎಂಬುದನ್ನು ಪೂರ್ತಿಯಾಗಿ ದಕ್ಷತೆಯೆಂದು ತಿಳಿಯಬಾರದು. ಮೇಲ್ಮಣ್ಣು ತೆಗೆಯುವ ಕೆಲಸ ಬಹುಮಟ್ಟಿಗೆ ಗುತ್ತಿಗೆದಾರರ ಕೈಗೆ ಹೋಗಿದೆ, ಅದರ ಖರ್ಚು ವೇತನದ ಸಾಲಿನಲ್ಲಿ ಬರದೆ ಗುತ್ತಿಗೆ ವೆಚ್ಚದ ಸಾಲಿನಲ್ಲಿ ಬರುತ್ತದೆ. ವಿದ್ಯಾರ್ಥಿಗಳು ಎರಡೂ ಸಾಲುಗಳನ್ನು ಕೂಡಿಸಿ ನೋಡಲಿ.

ಭದ್ರಾವತಿಯ ನಿವೃತ್ತ ನೌಕರ:

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಸುರಂಗಗಳನ್ನು ಮುಚ್ಚಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ಮಕ್ಕಳು ತಿಳಿಯಬಾರದು. ಉಕ್ಕಿನ ಕುಲುಮೆಗೆ ಬೇಕಾದ ಕೋಕ್ ತಯಾರಿಸುವ ಉತ್ತಮ ಕೋಕಿಂಗ್ ಕಲ್ಲಿದ್ದಲು ನಮ್ಮ ದೇಶದಲ್ಲಿ ಮುಖ್ಯವಾಗಿ ಇರುವುದೇ ಜಾರ್ಖಂಡದ ಝರಿಯಾದಲ್ಲಿ. ಅಲ್ಲಿ 1916ರಿಂದ ನೆಲದೊಳಗೆ ಬೆಂಕಿ ಉರಿಯುತ್ತಿದೆ. ಸುಲಭವಾಗಿ ಸಿಕ್ಕಿದ್ದನ್ನು ಖಾಸಗಿ ಮಾಲೀಕರು ಅಗೆದು ಒಯ್ದ ಮೇಲೆ, 1970ರ ದಶಕದ ರಾಷ್ಟ್ರೀಕರಣದಲ್ಲಿ ಸರ್ಕಾರಕ್ಕೆ ಆ ಬೆಂಕಿ ಮತ್ತು ಕುಸಿಯುವ ನೆಲವೂ ಬಂದವು. ಇಂದಿನ ನಷ್ಟದಲ್ಲಿ ಅಂದಿನವರ ಲಾಭವೂ ಸೇರಿದೆ. ನಮ್ಮೂರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಹತ್ತಿರದಲ್ಲೆಲ್ಲೂ ಕಲ್ಲಿದ್ದಲಿಲ್ಲದೆ ಮಲೆನಾಡಿನ ಕಾಡಿನ ಇದ್ದಿಲನ್ನೇ ಸುಟ್ಟಿತು. ಆ ಮರಗಳ ನಿಜವಾದ ಬೆಲೆಯನ್ನು ಯಾವ ಲೆಕ್ಕಪುಸ್ತಕವೂ ಬರೆದಿಡಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ.

ತೀರ್ಥಹಳ್ಳಿಯ ನಿವೃತ್ತ ಇಂಜಿನಿಯರ್:

ಬಿಲ್ಲಿನ ಪ್ರಶ್ನೆ ಹಾಗೆಯೇ ಉಳಿದಿದೆ. ಗಣಿಯ ಬಾಯಿಯಲ್ಲಿ ಸಾವಿರ ರೂಪಾಯಿಯ ಒಂದು ಟನ್ ತೆಗೆದುಕೊಳ್ಳಿ. ರಾಜ್ಯ ಸರ್ಕಾರಕ್ಕೆ ಕೊಡುವ ರಾಜಧನ (ರಾಯಲ್ಟಿ) ಶೇ. 14ರಂತೆ 140 ರೂಪಾಯಿ, 2015ಕ್ಕಿಂತ ಹಿಂದಿನ ಗಣಿಯಾದರೆ ರಾಜಧನದ ಶೇ. 30ರಂತೆ ಜಿಲ್ಲಾ ಖನಿಜ ನಿಧಿಗೆ 42. ಹೀಗೆ ಆಗುವ 1182 ರೂಪಾಯಿಯ ಮೇಲೆ 2025ರ ಸೆಪ್ಟೆಂಬರ್ ತನಕ ಶೇ. 5 ಜಿಎಸ್‌ಟಿ ಮತ್ತು ಟನ್ನಿಗೆ 400 ರೂಪಾಯಿ ಪರಿಹಾರ ಸೆಸ್, ಒಟ್ಟು ಸುಮಾರು 459 ರೂಪಾಯಿ ಬೀಳುತ್ತಿತ್ತು. ಈಗ ಸೆಸ್ ಹೋಗಿ ಜಿಎಸ್‌ಟಿ ಶೇ. 18 ಆಗಿರುವುದರಿಂದ ಅದು ಸುಮಾರು 213ಕ್ಕೆ ಇಳಿದಿದೆ. ಗುಣಮಟ್ಟ ಹೇಗಿದ್ದರೂ 400 ರೂಪಾಯಿ ಕಟ್ಟಬೇಕಿದ್ದಾಗ, ಬೂದಿ ಹೆಚ್ಚಿರುವ ಅಗ್ಗದ ಕಲ್ಲಿದ್ದಲನ್ನು ಸುಡುವ ಸ್ಥಾವರಗಳಿಗೇ ಅದರ ಹೊರೆ ಹೆಚ್ಚಾಗಿತ್ತು. ಇದಕ್ಕೆ ರೈಲು ಸಾಗಣೆ ಸೇರಬೇಕು. ಒಡಿಶಾದ ಗಣಿಗಳಿಂದ ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರದವರೆಗಿನ ದೂರಕ್ಕೆ ಆ ಖರ್ಚು ಗಣಿಯ ದರವನ್ನೇ ಮೀರಿಸಬಲ್ಲದು.

ಸಿಂಗರೇಣಿಯನ್ನೂ ಮರೆಯಬಾರದು. ರಾಯಚೂರಿಗೆ ಕಲ್ಲಿದ್ದಲು ಕೊಡುವ ಆ ಕಂಪನಿ ಕೋಲ್ ಇಂಡಿಯಾಕ್ಕೆ ಸೇರಿಲ್ಲ, ಅದರ ಶೇ. 51 ಪಾಲು ತೆಲಂಗಾಣದ್ದು, ಶೇ. 49 ಕೇಂದ್ರದ್ದು. ಆದ್ದರಿಂದ ತಮ್ಮ 483 ರೂಪಾಯಿಯಲ್ಲಿ ಅದರ ಲೆಕ್ಕ ಬಂದಿಲ್ಲ. ಲಿಂಗನಮಕ್ಕಿ ಜಲಾಶಯ ತನ್ನ ಪೂರ್ಣ ಮಟ್ಟವಾದ 1819 ಅಡಿ ಮುಟ್ಟದ ವರ್ಷಗಳಲ್ಲಿ ಶರಾವತಿಯ ಅಗ್ಗದ ವಿದ್ಯುತ್ತು ಕಡಿಮೆಯಾಗಿ, ಆ ಕೊರತೆಯನ್ನು ರಾಯಚೂರು, ಬಳ್ಳಾರಿಗಳು ಕಲ್ಲಿದ್ದಲು ಸುಟ್ಟು ತುಂಬಬೇಕಾಗುತ್ತದೆ. ನಮ್ಮ ಬಿಲ್ಲಿನ ಹೊಂದಾಣಿಕೆ ಶುಲ್ಕಕ್ಕೆ ಅದೂ ಒಂದು ಕಾರಣ.

ಸಾಗರದ ವಾಣಿಜ್ಯ ಉಪನ್ಯಾಸಕ:

ಮೂವರಿಗೂ ಕೃತಜ್ಞತೆಗಳು. ಬರುವ ಸೋಮವಾರ ಕರಿಹಲಗೆಯ ಮೇಲಿನ 483ನ್ನು ಅಳಿಸಿ, ತೆರೆದ ಗಣಿ ಮತ್ತು ಸುರಂಗ ಗಣಿಗಳಿಗೆ ಬೇರೆ ಬೇರೆ ವೆಚ್ಚಪಟ್ಟಿಗಳನ್ನು ಬರೆಸುತ್ತೇನೆ.