ಸ್ಟೆಲ್ಲಾರಿಸ್: ಕ್ರೂಸರ್‌ಗೆ ಹ್ಯಾಂಗರ್ ಹಾಕುದಾ, ಮಿಸೈಲ್ ಹಾಕುದಾ?

ಸುರತ್ಕಲ್_ಕಡಲು:
ಸ್ಟೆಲ್ಲಾರಿಸ್ (ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಗೇಮ್) ಆಟದಲ್ಲಿ 2270ನೇ ಇಸವಿ ದಾಟಿತು. ಪಕ್ಕದ ಸಾಮ್ರಾಜ್ಯದವನ ಜೊತೆ ಇನ್ನೇನು ಯುದ್ಧ ಶುರು ಆಗ್ತದೆ. ಅವನ ಹಡಗಲ್ಲಿ ಶೀಲ್ಡ್ (ಹೊರಗಿನ ಶಕ್ತಿಯ ಗುರಾಣಿ) ಜಾಸ್ತಿ, ಆರ್ಮರ್ (ಲೋಹದ ಕವಚ) ಕಮ್ಮಿ. ನನ್ನ ಹತ್ರ ಇದುವರೆಗೆ ಮಿಸೈಲ್ ಹಾಕಿದ ಕಾರ್ವೆಟ್ ಅಂತ ಸಣ್ಣ ಹಡಗುಗಳೇ ಇದ್ದದ್ದು, ಈಗ ದೊಡ್ಡ ಹಡಗು ಕ್ರೂಸರ್‌ನ ಟೆಕ್ ಸಿಕ್ಕಿದೆ. ಮಣಿಪಾಲದ ಫ್ರೆಂಡ್ "ಪೂರಾ ಕ್ಯಾರಿಯರ್ ಮಾಡು" ಅಂತಾನೆ, ಅಂದ್ರೆ ಹ್ಯಾಂಗರ್ ಹಾಕಿ ಅದರಿಂದ ಸಣ್ಣ ಯುದ್ಧವಿಮಾನ ಬಿಡುವ ಹಡಗು. ಹಡಗು ಕಟ್ಟುವ ಲೋಹ ಅಲಾಯ್ ಅಷ್ಟಿಲ್ಲ, ಈಗ ಏನು ಕಟ್ತೇನೋ ಅದರಲ್ಲೇ ಯುದ್ಧ ಮುಗಿಸಬೇಕು. ಅವನು ಒಳಗೆ ಬರ್ಲಿಕ್ಕೆ ಒಂದೇ ದಾರಿ, ಅಲ್ಲಿ ನನ್ನ ಸ್ಟಾರ್‌ಬೇಸ್ (ಬಾಹ್ಯಾಕಾಶದ ಕೋಟೆ) ಉಂಟು. ಎಂತ ಮಾಡುದು?

ಕುಂದಾಪ್ರ_ಕಡಿ:
ಮೊದ್ಲ್ ಅವನ ಹಡಗಲ್ಲಿ ಪಾಯಿಂಟ್ ಡಿಫೆನ್ಸ್ (ಬಪ್ಪ ಮಿಸೈಲ್ ಹೊಡ್ದ್ ಉರುಳ್ಸು ಗನ್) ಎಷ್ಟಿತ್ ನೋಡಿ ಮಾರ್ರೆ. ಇಂಟೆಲ್ ಇದ್ರೆ ಕಾಣ್ತ್. ಪಾಯಿಂಟ್ ಡಿಫೆನ್ಸ್ ಇಲ್ದಿದ್ರೆ ಮಿಸೈಲೇ ಸಾಕ್.

ಮಲ್ಪೆ_ಧಕ್ಕೆ:
ಪಾಯಿಂಟ್ ಡಿಫೆನ್ಸ್ ನೋಡಲೇಬೇಕು, ಸರಿ. ಆದರೆ ಅದು ಮಿಸೈಲನ್ನೂ ಹೊಡೆಯುತ್ತದೆ, ವಿಮಾನವನ್ನೂ ಹೊಡೆಯುತ್ತದೆ, ಹಾಗಾಗಿ ಅದೊಂದರಿಂದ ತೀರ್ಮಾನ ಆಗುವುದಿಲ್ಲ. ಶೀಲ್ಡ್ ವಿಷಯದಲ್ಲೂ ಅಷ್ಟೆ: ಎರಡೂ ಶೀಲ್ಡಿಗೆ ಕ್ಯಾರೇ ಅನ್ನದೆ ಒಳಗೆ ಹೋಗುತ್ತವೆ. ನಾನು ಕೇಳುವುದು ಒಂದೇ, ನಿಮ್ಮ ಕಾಳಗ ಎಷ್ಟು ಹೊತ್ತು ನಡೆಯುತ್ತದೆ?

1971ರ ಡಿಸೆಂಬರಿನ ಭಾರತ-ಪಾಕ್ ಯುದ್ಧವನ್ನೇ ನೋಡಿ. ಪಶ್ಚಿಮದಲ್ಲಿ ನಿಪಾತ್, ನಿರ್ಘಾತ್, ವೀರ್ ಅಂತ ಮೂರು ಪುಟ್ಟ ಕ್ಷಿಪಣಿ ದೋಣಿಗಳು 4ರ ರಾತ್ರಿ ಕರಾಚಿಗೆ ನುಗ್ಗಿ, ಹೊಡೆದು, ಬೆಳಗಾಗುವ ಮೊದಲು ದೂರ ಸರಿದವು. ಪಾಕಿಸ್ತಾನದ ವಿಮಾನಗಳಿಗೆ ಇರುಳಲ್ಲಿ ದಾಳಿ ಮಾಡುವ ಶಕ್ತಿ ಇರಲಿಲ್ಲ, ಅದಕ್ಕೇ ಆ ಹೊತ್ತು. ಪೂರ್ವದಲ್ಲಿ ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್. ಅದರ ಬಾಯ್ಲರ್ ಒಂದು ಸರಿಯಿರಲಿಲ್ಲ, ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಆದರೂ ದೂರದಲ್ಲೇ ನಿಂತು ಸೀ ಹಾಕ್ ವಿಮಾನಗಳನ್ನು ಕಾಕ್ಸ್ ಬಜಾರ್, ಚಟ್ಟಗ್ರಾಮಗಳ ಮೇಲೆ ದಿನದಿನವೂ ಕಳಿಸಿತು. ಒಂದೇ ಯುದ್ಧ, ಕೆಲಸ ಬೇರೆ ಬೇರೆ: ಮಿಸೈಲ್ ಬೇಗ ಹೊಡೆದು ಸರಿಯಲಿಕ್ಕೆ, ವಿಮಾನ ತುಂಬಾ ಹೊತ್ತು ಹೊಡೆಯುತ್ತಲೇ ಇರಲಿಕ್ಕೆ.

ಕಾರವಾರದ ಕಡಲತೀರದಲ್ಲಿ ಚಪಲ್ ಹಡಗು ಇಟ್ಟಿದ್ದಾರಲ್ಲ, 66ನೇ ಹೆದ್ದಾರಿಯಲ್ಲಿ ಹೋಗುವಾಗ ಇಳಿದು ನೋಡಿ. ಕರಾಚಿಗೆ ಹೋದ ದೋಣಿಗಳ ಜಾತಿಯದೇ. ಮೈಮೇಲೆ ದಪ್ಪ ಕೊಳವೆಗಳು ನಾಲ್ಕು, ಆಚೆ ಎರಡು, ಈಚೆ ಎರಡು. ಆ ನಾಲ್ಕು ಹಾರಿದ ಮೇಲೆ ಬಂದರಿಗೆ ಮರಳಬೇಕು. ಸ್ಟೆಲ್ಲಾರಿಸ್‌ನಲ್ಲಿ ಮಿಸೈಲ್ ಮುಗಿಯುವುದೇ ಇಲ್ಲ! ನಿಜವಾದ ಸಮುದ್ರದಲ್ಲಿ ಇಲ್ಲದ ದೊಡ್ಡ ಅನುಕೂಲ ಅದು. ಆದರೆ ಹಾರಿಸುವ ಕಾರ್ವೆಟ್ ಒಡೆದರೆ ಅಲಾಯ್ ಹೋಯ್ತು. ಹ್ಯಾಂಗರ್‌ನಲ್ಲಿ ಹಾಗಲ್ಲ, ವಿಮಾನ ಬಿದ್ದರೆ ನಿಮ್ಮ ಖಜಾನೆಯಿಂದ ಏನೂ ಹೋಗುವುದಿಲ್ಲ. ತಾಯಿಹಡಗು ಬದುಕಿರುವಷ್ಟು ಹೊತ್ತು ಕಾಳಗದ ನಡುವೆಯೇ ಹೊಸವು ಬರುತ್ತವೆ.

ಹಾಗಾಗಿ ಅಲಾಯ್ ಕಮ್ಮಿ ಇರುವ ನಿಮಗೆ, ಅದೂ ಸ್ಟಾರ್‌ಬೇಸ್ ಇರುವ ಕಡೆ ಕಾದು ಹೊಡೆಯುವುದಾದರೆ, ಕ್ಯಾರಿಯರ್ ಕ್ರೂಸರ್. ಪೆಟ್ಟು ತಿನ್ನಲು ಮುಂದೆ ಸ್ಟಾರ್‌ಬೇಸ್ ಇರುತ್ತದೆ. ಅದಕ್ಕೂ ಹ್ಯಾಂಗರ್ ಬೇ ಹಾಕಿ. ಹಳೆಯ ಕಾರ್ವೆಟ್‌ಗಳನ್ನು ಕಳಚಬೇಡಿ. ಮಿಸೈಲೂ ವಿಮಾನವೂ ಒಟ್ಟಿಗೆ ಹೋದರೆ ಅವನ ಪಾಯಿಂಟ್ ಡಿಫೆನ್ಸ್‌ಗೆ ಯಾವುದನ್ನು ಹೊಡೆಯಲಿ ಅಂತ ಪುರುಸೊತ್ತಾಗುವುದಿಲ್ಲ. ಲೇಸರ್ ಮಾತ್ರ ಬೆರೆಸಬೇಡಿ ದಯವಿಟ್ಟು. ನಿಮ್ಮ ಅರ್ಧ ಪಡೆ ಶೀಲ್ಡ್ ದಾಟಿ ಹಲ್‌ಗೆ (ಹಡಗಿನ ಮೈಗೆ) ಹೊಡೆಯುತ್ತಿರುವಾಗ ಇನ್ನರ್ಧ ಶೀಲ್ಡ್ ಕೆರೆಯುತ್ತಾ ಕೂತರೆ ಆ ಪೆಟ್ಟೆಲ್ಲ ದಂಡ.

ಸುರತ್ಕಲ್_ಕಡಲು:
ಕಾಳಗದ ಹೊತ್ತಿನ ಲೆಕ್ಕ ನಾನು ಹಾಕಿರ್ಲೇ ಇಲ್ಲ. ಮುಂದೆ ಪ್ರೆಥೋರಿನ್ (ಆಟದ ಕೊನೆಗೆ ಹೊರಗಿಂದ ನುಗ್ಗುವ ಜೀವಿಗಳ ದಂಡು) ಬಂದ್ರೂ ಇದೇ ಪಡೆ ನಡೀತದಾ?

ಮಲ್ಪೆ_ಧಕ್ಕೆ:
ಅವಕ್ಕೆ ಶೀಲ್ಡೇ ಇಲ್ಲ, ಶೀಲ್ಡ್ ದಾಟುವ ಗುಣಕ್ಕೆ ಅಲ್ಲಿ ಬೆಲೆ ಇಲ್ಲ. ಮೇಲಾಗಿ ಅವು ಹೆಚ್ಚಾಗಿ ಹೊಡೆಯುವುದು ಮಿಸೈಲ್ ಮತ್ತು ವಿಮಾನಗಳಿಂದ. ಆಗ ನಿಮ್ಮ ಕ್ರೂಸರ್‌ಗಳ ಪಾಯಿಂಟ್ ಡಿಫೆನ್ಸ್ ಜಾಗ ಒಂದೂ ಖಾಲಿ ಇರಬಾರದು.

ಕುಂದಾಪ್ರ_ಕಡಿ:
ಹ್ಯಾಂಗರ್ ಹಾಕಿ ಆದ್ಮೇಲೆ ಕಂಬ್ಯಾಟ್ ಕಂಪ್ಯೂಟರ್ ಬದ್ಲಿಸಿ ಅಕಾ, ದೂರ ನಿಂತ್ಕಂಬುದ್ ಹಾಕಿ. ಇಲ್ದಿದ್ರೆ ಕ್ಯಾರಿಯರೇ ಎದ್ರಿಗೆ ಹೋಯಿ ನಿಲ್ಲತ್ತ್.