ಇಲಾಸ್ಟಿಕ್ ಮಾತ್ರ ಕೊಂಡಿಡಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡಿದರೆ ಬೆರಳು ನೋಯುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆದರೆ ಬೈಕೋಬೇಡ. "ಹೊರದೇಶದ ಸಾಮಾನಿನ ಸುಂಕ ಏರುತ್ತಂತೆ ದೊಡ್ಡಮ್ಮ, ದಾರ, ಜಿಪ್, ಇಲಾಸ್ಟಿಕ್ ಎಲ್ಲ ಎರಡು ವರ್ಷಕ್ಕಾಗುವಷ್ಟು ಈಗಲೇ ಕೊಂಡಿಡಲಾ" ಅಂತ ಕೇಳಿದ್ದೀಯ.

ಇಲಾಸ್ಟಿಕ್ ಮಾತ್ರ ಬೇಡ. ಮೊದಲೇ ಹೇಳಿಬಿಟ್ಟೆ.

ನನ್ನ ನೀಲಿ ಟ್ರಂಕು ಎಲ್ಲರಿಗೂ ಗೊತ್ತಲ್ಲ, ಅದು ತುಂಬಿದ್ದೇ ಹೀಗೆ. ಹೊರದೇಶದ ಸಾಮಾನೆಲ್ಲ ತುಟ್ಟಿ ಆಗುತ್ತದೆ, ಈಗ ಬಿಟ್ಟರೆ ಸಿಗಲ್ಲ ಅಂತ ಒಬ್ಬರು ಹೆದರಿಸಿದರು. ಯಾರು ಅಂತ ಹೇಳಲ್ಲ, ನಮ್ಮ ಮನೆಯವರ ಈ ಗ್ರೂಪಲ್ಲೇ ಇದ್ದಾರೆ, ಈಗಲೂ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹಾಕುತ್ತಾರೆ. ನಾನು ಸುರುಳಿಗಟ್ಟಲೆ ಇಲಾಸ್ಟಿಕ್ ತಂದೆ. ಅರ್ಧ ಇಂಚು, ಒಂದು ಇಂಚು, ಸಪೂರದ್ದು, ಎಲ್ಲ. ಕಾಲರ್ ಗಟ್ಟಿ ನಿಲ್ಲಲಿ ಅಂತ ಇಸ್ತ್ರಿ ಹಾಕಿ ಒಳಗೆ ಅಂಟಿಸುತ್ತೇವಲ್ಲ, ಆ ಅಂಟು ಕ್ಯಾನ್ವಾಸೂ ಒಂದು ಕಟ್ಟು ತಂದೆ. ನಾಲ್ಕು ವರ್ಷ ಟ್ರಂಕಿನಲ್ಲಿ ಬೆಚ್ಚಗೆ ಮಲಗಿತ್ತು.

ಆಮೇಲೆ ಚಿಕ್ಕುಗೆ ಸ್ಕೂಲ್ ಡೇಗೆ ಪೈಜಾಮ ಹೊಲಿದೆ. ನೋಡೋಕೆ ಇಲಾಸ್ಟಿಕ್ ಹೊಸದರ ಹಾಗೇ ಇತ್ತು. ಎಳೆದಾಗ ಒಳಗೆ ಚರಚರ ಅಂದಿತ್ತು, ನಾನು ಗಮನ ಕೊಡಲಿಲ್ಲ. ಹುಡುಗ ಸ್ಟೇಜ್ ಹತ್ತಿದ, ಎರಡು ಸಲ ಕುಣಿದ, ಇಲಾಸ್ಟಿಕ್ ಹಿಗ್ಗಿತು, ವಾಪಸ್ ಬರಲೇ ಇಲ್ಲ. ಪೂರ್ತಿ ಡ್ಯಾನ್ಸ್ ಒಂದೇ ಕೈಯಲ್ಲಿ ಮಾಡಿದ. ಇನ್ನೊಂದು ಕೈ ಸೊಂಟದಲ್ಲಿ! ಜನ ಅದೂ ಸ್ಟೆಪ್ ಅಂತ ಚಪ್ಪಾಳೆ ತಟ್ಟಿದರು. ನಗಬೇಡ ಚಿಕ್ಕು, ನೀನು ಕೇಳಿಸಿಕೊಳ್ಳುತ್ತಿದ್ದೀಯ ಅಂತ ಗೊತ್ತು.

ಇಲಾಸ್ಟಿಕ್ ಒಳಗಿರುವುದು ರಬ್ಬರ್ ಎಳೆ. ಬಿಸಿಗೆ, ಗಾಳಿಗೆ, ಬೆಳಕಿಗೆ ತಾನಾಗೇ ಒಣಗುತ್ತದೆ. ಕ್ಯಾನ್ವಾಸ್ ಹಿಂದಿನ ಅಂಟೂ ಹಳೆಯದಾಗಿ, ಇಸ್ತ್ರಿ ಇಟ್ಟರೆ ಗುಳ್ಳೆ ಗುಳ್ಳೆ ಎದ್ದಿತು. ಸುಂಕ ಇವತ್ತು ಏರುತ್ತದೆ, ನಾಳೆ ಇಳಿದರೂ ಇಳಿದೀತು. ಸತ್ತ ಇಲಾಸ್ಟಿಕ್ ಎದ್ದು ಬರುತ್ತಾ? ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಇಲಾಸ್ಟಿಕ್ ಕೊಂಡಿಡಬೇಡ.

ಸುಂಕ ಅಂದ್ರೆ ನೆನಪಾಯ್ತು. ನನ್ನ ಮೇಲೆ ಈ ಮನೆಯವರು ಹಾಕಿರುವ ಸುಂಕ ಯಾರಾದರೂ ಲೆಕ್ಕ ಇಟ್ಟಿದ್ದೀರಾ? "ಸುಮ್ನೆ ಒಂದು ಹೊಲಿಗೆ ಅಷ್ಟೇ ಅಕ್ಕ" ಅಂತ ಪ್ಯಾಂಟ್ ತಂದು ಬಿಸಾಡಿ ಹೋಗುತ್ತೀರಿ. ಒಂದು ಹೊಲಿಗೆಗೆ ನಾನು ದಾರ ಬದಲಾಯಿಸಬೇಕು, ಬಾಬಿನ್ ಸುತ್ತಬೇಕು, ಸೂಜಿ ಬದಲಾಯಿಸಬೇಕು, ಆಮೇಲೆ ನಿಮ್ಮ ಪ್ಯಾಂಟಿನ ಹಳೇ ಹೊಲಿಗೆ ಬಿಚ್ಚಬೇಕು. ದಾರ ಯಾರಪ್ಪನ ಮನೆಯದು? ಒಂದು ದಿನ ಒಬ್ಬರಾದರೂ ಒಂದು ರೀಲು ತಂದುಕೊಟ್ಟಿದ್ದೀರಾ? ನನ್ನ ಬಟ್ಟೆ ಕತ್ತರಿಯಲ್ಲಿ ಗಿಫ್ಟ್ ಪೇಪರ್ ಕತ್ತರಿಸಿದವರು ಯಾರು ಅಂತಲೂ ನನಗೆ ಗೊತ್ತು. ಪೇಪರ್ ಕತ್ತರಿಸಿದ ಕತ್ತರಿ ಆಮೇಲೆ ಬಟ್ಟೆ ಜಗಿಯುತ್ತದೆ, ಕತ್ತರಿಸುವುದಿಲ್ಲ. ಇರಲಿ ಬಿಡಿ.

ಅಯ್ಯೋ, ಪುಟ್ಟಿ, ನೀನು ಕೇಳಿದ್ದಕ್ಕೆ ಉತ್ತರವೇ ಹೇಳಲಿಲ್ಲ ಅಲ್ವಾ. ಕೇಳು. ಪಾಲಿಯೆಸ್ಟರ್ ದಾರ, ಗುಂಡಿ, ಸೂಜಿ, ಜಿಪ್ ಇವು ಬಿಸಿಲು, ತೇವ ತಾಗದಂತೆ ಇಟ್ಟರೆ ಬಾಳುತ್ತವೆ. ನೀನು ನಿಜವಾಗಿ ಬಳಸುವ ನಾಲ್ಕೈದು ಬಣ್ಣ ತಗೋ, ಸಾಕು. ಸೂಜಿಗೆ ಮೆಷಿನ್ ಕಂಪನಿ ಹೆಸರೇ ಇರಬೇಕು ಅಂತಿಲ್ಲ. ಮನೆ ಮೆಷಿನ್ನುಗಳಲ್ಲಿ ಹೆಚ್ಚಿನವಕ್ಕೆ 130/705 ಎಚ್ ಅಂತ ಬರೆದ ಸೂಜಿ ಆಗುತ್ತದೆ. ನಿನ್ನ ಮೆಷಿನ್ ಪುಸ್ತಕದಲ್ಲಿ ಒಮ್ಮೆ ನೋಡಿಕೋ. ಹಳೇ ಪ್ಯಾಂಟ್ ಬಿಸಾಡುವ ಮುಂಚೆ ಜಿಪ್ ಬಿಚ್ಚಿಕೋ, ಅದಕ್ಕೆ ಯಾವ ಸುಂಕವೂ ಇಲ್ಲ.

ಆನ್‌ಲೈನ್ ಕೊಳ್ಳುವಾಗ ಪಾರ್ಸೆಲ್ ಎಲ್ಲಿಂದ ಬರುತ್ತದೆ ಅನ್ನುವುದಕ್ಕಿಂತ ಸಾಮಾನು ಯಾವ ದೇಶದಲ್ಲಿ ತಯಾರಾಯಿತು ಅಂತ ನೋಡು. ಸುಂಕದ ದರ ಅದರ ಮೇಲೆ. ಬ್ರ್ಯಾಂಡ್ ಒಂದು ದೇಶದ್ದು, ಮಾಲು ಇನ್ನೊಂದು ದೇಶದ್ದು ಇರುತ್ತದೆ. ವೈಕೆಕೆ ಜಪಾನ್ ಕಂಪನಿ, ಆದರೆ ಎಷ್ಟೋ ದೇಶಗಳಲ್ಲಿ ಜಿಪ್ ಮಾಡುತ್ತದೆ. ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಗೊತ್ತು, ಅಲ್ಲಿ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇರಲಿಲ್ಲ. ಚೀನಾ, ಹಾಂಗ್‌ಕಾಂಗ್ ಮಾಲಿಗೆ ಆ ವಿನಾಯಿತಿ 2025ರ ಮೇ 2ಕ್ಕೆ ನಿಂತಿತು. ಆಗಸ್ಟ್ 29ರಿಂದ ಬೇರೆ ದೇಶಗಳ ಮಾಲಿಗೂ ನಿಂತಿತು. ಸುಂಕದ ಜೊತೆ ಕೊರಿಯರ್‌ನವರು ತಮ್ಮ ಶುಲ್ಕ ಬೇರೆ ಕೇಳಬಹುದು. ಎರಡು ಪ್ಯಾಕೆಟ್ ಗುಂಡಿಗೆ ಗುಂಡಿಗಿಂತ ಅದೇ ಜಾಸ್ತಿ ಆದೀತು. ದುಡ್ಡು ಕಟ್ಟುವ ಮುಂಚೆ "ಸುಂಕ ಸೇರಿದೆಯಾ" ಅಂತ ನೋಡಿಕೋ. ಚೂರು ಚೂರು ತರಿಸಬೇಡ.

ಸರಿ, ಇಡುತ್ತೇನೆ. ಆ ಕತ್ತರಿ ಯಾರ ಮನೆಯಲ್ಲಿದೆಯೋ ಅವರು ತಂದುಕೊಡಿ.