ಕಾಫಿ ರೇಟು ನೋಡಿ ಬರೆಯೋ ಕೆಲಸ ಎಐ ಏಜೆಂಟಿಗೆ ಒಪ್ಪಿಸಬಹುದಾ?

ಪ್ರಶ್ನೆ (ಮೂಡಿಗೆರೆಯಿಂದ):
ನಮಸ್ಕಾರ ಸರ್. ಎಸ್ಟೇಟ್ ಆಫೀಸಲ್ಲಿ ಲೆಕ್ಕ ನೋಡ್ಕೊಳ್ತೀನಿ. ದಿನಾ ಬೆಳಿಗ್ಗೆ ಮೂರ್ನಾಲ್ಕು ವೆಬ್‌ಸೈಟ್ ತೆಗೆದು ಅರೇಬಿಕಾ ಪಾರ್ಚ್‌ಮೆಂಟ್, ಚೆರಿ, ರೋಬಸ್ಟಾ, ಕಾಳುಮೆಣಸು ಎಲ್ಲದರ ರೇಟೂ ಎಕ್ಸೆಲ್‌ಗೆ ತುಂಬಿ ಯಜಮಾನರಿಗೆ ವಾಟ್ಸಾಪ್ ಮಾಡಬೇಕು. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಪ್ಪು ಪರದೆ) ಓಡುವ, ಹೇಳಿದ ಕೆಲಸ ತಾನೇ ಹೆಜ್ಜೆಹೆಜ್ಜೆಯಾಗಿ ಮಾಡೋ ಎಐ ಏಜೆಂಟಿಗೆ ಬ್ರೌಸರ್ ಕೊಟ್ಟರೆ ಎಲ್ಲ ಅದೇ ಮಾಡುತ್ತೆ ಅಂತಾರೆ, ನಿಜಾನಾ? ಜಿಎಸ್‌ಟಿ ಲಾಗಿನ್ನೂ ಅದಕ್ಕೇ ಕೊಡಬಹುದಾ?

ಉತ್ತರ:
ಮಾಡುತ್ತೆ. ಆದರೆ ದಿನಾ ಅದರ ಕೈಲೇ ಮಾಡಿಸಬೇಡಿ. ಒಂದು ಸಲ ದಾರಿ ಹುಡುಕಿಸಿ, ಆ ದಾರಿಯನ್ನ ಸ್ಕ್ರಿಪ್ಟ್ ಆಗಿ, ಅಂದರೆ ಪ್ರತಿಸಲ ಒಂದೇ ಥರ ಓಡೋ ಪುಟ್ಟ ಪ್ರೋಗ್ರಾಂ ಆಗಿ, ಬರೆಸಿಕೊಳ್ಳಿ. ಮರುದಿನದಿಂದ ಓಡಬೇಕಾದ್ದು ಸ್ಕ್ರಿಪ್ಟ್. ಸೈಟ್ ಬದಲಾಗಿ ಅದು ಕೆಟ್ಟಾಗ ಮಾತ್ರ ಏಜೆಂಟನ್ನ ಕರೀರಿ. ದಿನಾ ಪುಟ ಓದಿಸಿದರೆ ದಿನಾ ಟೋಕನ್ (ಎಐ ಓದಿ ಬರೆಯೋ ಪಠ್ಯದ ತುಣುಕು) ಖರ್ಚು. ಸಾಲದ್ದಕ್ಕೆ, ಇವತ್ತು ಸರಿಯಾಗಿ ಓದಿದ್ದು ನಾಳೆ ಪಕ್ಕದ ಕಾಲಂಗೆ ಕಣ್ಣು ಹಾಕಬಹುದು. ಅರೇಬಿಕಾ ಚೆರಿ ಜಾಗದಲ್ಲಿ ರೋಬಸ್ಟಾ ಚೆರಿ ರೇಟು ಕೂತರೆ ಯಜಮಾನರಿಗೆ ಉತ್ತರ ಹೇಳೋರು ನೀವು.

ಸಾಧನ ಅಂದರೆ, ಬ್ರೌಸರನ್ನ ಕಮಾಂಡ್ ಮೂಲಕ ಓಡಿಸೋ ಮೈಕ್ರೋಸಾಫ್ಟ್‌ನ ಪ್ಲೇರೈಟ್ ಸಾಕು. 2020ರಲ್ಲಿ ಬಂದಿದ್ದು, ಉಚಿತ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳೋ ಸ್ಕ್ರೀನ್ ರೀಡರ್‌ಗೋಸ್ಕರ ಬ್ರೌಸರ್ ಒಳಗೊಳಗೇ ಒಂದು ಪಟ್ಟಿ ಇಟ್ಟುಕೊಂಡಿರುತ್ತಲ್ಲ, ಇದು ಬಟನ್, ಇದು ದಿನಾಂಕದ ಖಾನೆ, ಇದು ಟೇಬಲ್ ಅಂತ? ಏಜೆಂಟ್ ಪುಟದ ಫೋಟೋ ಬದಲು ಆ ಪಟ್ಟಿ ಓದುತ್ತೆ. ಒಂದೊಂದಕ್ಕೂ ಇ12, ಇ13 ಅಂತ ಗುರುತಿರುತ್ತೆ, 'ಕ್ಲಿಕ್ ಇ12' ಅಂತ ಕಮಾಂಡ್ ಹೋಗುತ್ತೆ. ತಪ್ಪಾದರೆ ಎರರ್ ಕೂಡ ಅಕ್ಷರದಲ್ಲೇ ಬರೋದರಿಂದ ಓದಿ ತಾನೇ ತಿದ್ದಿಕೊಳ್ಳುತ್ತೆ. ಕಮಾಂಡ್ ಲೈನ್ ಇದಕ್ಕೆ ಒಗ್ಗೋದು ಅದಕ್ಕೇ.

ಕೆಲವು ಕಡೆ ಬ್ರೌಸರೇ ಬೇಡ. ಎಪಿಎಂಸಿ ಧಾರಣೆ ಕೇಂದ್ರ ಸರ್ಕಾರದ ಡೇಟಾ.ಗವ್.ಇನ್‌ನಲ್ಲಿ ಎಪಿಐ (ಪ್ರೋಗ್ರಾಂ ನೇರವಾಗಿ ಮಾಹಿತಿ ಕೇಳಿ ಪಡೆಯೋ ದಾರಿ) ಆಗಿಯೇ ಇದೆ. ಹೆಸರು ನೋಂದಾಯಿಸಿ ಕೀ (ಗುರುತಿನ ಸಂಕೇತ) ತಗೊಂಡರೆ, ವೆಬ್ ವಿಳಾಸದಿಂದ ಮಾಹಿತಿ ತರೋ ಕರ್ಲ್ ಅನ್ನೋ ಒಂದೇ ಕಮಾಂಡಿನ ಕೆಲಸ.

ಹೆಚ್ಚಿನವರು ಎಡವೋದು ಅಳತೆಯಲ್ಲಿ. ಕಾಫಿ ರೇಟು 50 ಕೆಜಿ ಮೂಟೆಗೆ, ಮೆಣಸು ಕೆಜಿಗೆ, ಎಪಿಎಂಸಿ ಪಟ್ಟಿ ಕ್ವಿಂಟಾಲಿಗೆ. ಇದು ನಿಮಗೆ ಬಾಯಿಪಾಠ, ಏಜೆಂಟಿಗೆ ಹೇಳದೆ ಗೊತ್ತಾಗಲ್ಲ. ಸ್ಕ್ರಿಪ್ಟಲ್ಲಿ ಎರಡು ತಡೆ ಹಾಕಿಸಿ: ಕಾಲಂ ತಲೆಬರಹ ಹೊಂದದಿದ್ದರೆ ನಿಲ್ಲು, ನಿನ್ನೆಗಿಂತ ಶೇ. 10ರ ಮೇಲೆ ಏರಿಳಿತ ಕಂಡರೆ ಬರೆಯಬೇಡ, ನನಗೆ ತೋರಿಸು. ಪುಟದಲ್ಲಿ ನಿನ್ನೆಯ ದಿನಾಂಕವೇ ಇದ್ದರೆ ಆ ಸಾಲು ಖಾಲಿ ಇರಲಿ. ಹಳೇ ರೇಟಿಗೆ ಹೊಸ ತಾರೀಖು ಹಾಕಿದ ಎಕ್ಸೆಲ್‌ಗಿಂತ ಖಾಲಿ ಎಕ್ಸೆಲ್ ವಾಸಿ.

ಜಿಎಸ್‌ಟಿ ಲಾಗಿನ್ ಬೇಡವೇ ಬೇಡ. ಕ್ಯಾಪ್ಚಾ, ಒಟಿಪಿ ಇಟ್ಟಿರೋದೇ ಇಂಥದ್ದನ್ನ ತಡೆಯೋಕೆ. ಇನ್ನೊಂದು ಅಪಾಯ: ಯಾವುದೋ ಪುಟದಲ್ಲಿ ಯಾರೋ ಕಾಣದ ಹಾಗೆ ಬರೆದಿಟ್ಟ ಸೂಚನೆಯನ್ನ ಏಜೆಂಟ್ ನಿಮ್ಮ ಮಾತೇ ಅಂದ್ಕೊಂಡು ಪಾಲಿಸಬಹುದು. ಅದು ಓಡೋ ಬ್ರೌಸರಿಗೆ ಬೇರೆ ಪ್ರೊಫೈಲ್ ಮಾಡಿ, ಅದರಲ್ಲಿ ಬ್ಯಾಂಕು, ಇಮೇಲು ಯಾವುದೂ ಲಾಗಿನ್ ಆಗಿರಬಾರದು. ಕ್ರೋಮ್ ಕೂಡ 2025ರಲ್ಲಿ, 136ನೇ ಆವೃತ್ತಿಯಿಂದ, ದಿನಬಳಕೆಯ ಪ್ರೊಫೈಲನ್ನ ಡೀಬಗ್ ಪೋರ್ಟಿಗೆ (ಬೇರೆ ಪ್ರೋಗ್ರಾಂ ಬ್ರೌಸರನ್ನ ಓಡಿಸೋ ಬಾಗಿಲು) ತೆರೆಯೋದನ್ನ ನಿಲ್ಲಿಸಿದೆ.

ವಾಟ್ಸಾಪ್ ಸಂದೇಶ ನೀವೇ ಕಳಿಸಿ. ಅನಧಿಕೃತ ಸಾಧನ ಕಟ್ಟಿದರೆ ನಂಬರೇ ಬ್ಲಾಕ್ ಆಗಬಹುದು.

ಪ್ರಶ್ನೆ (ಹಾಸನದಿಂದ, ವಿದ್ಯಾರ್ಥಿ):
ಅಣ್ಣಾ, ರೇಟು ಮೊಬೈಲ್ ಆ್ಯಪಲ್ಲಿ ಮಾತ್ರ ಬಂದರೆ?

ಉತ್ತರ:
ಆಂಡ್ರಾಯ್ಡ್ ಆದರೆ, ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡೋ ಎಡಿಬಿ ಇದೆಯಲ್ಲಪ್ಪ. 'ಯುಐಆಟೊಮೇಟರ್ ಡಂಪ್' ಅನ್ನೋ ಕಮಾಂಡ್ ಕೊಡು, ಸ್ಕ್ರೀನಲ್ಲಿರೋ ಪ್ರತಿ ಬಟನ್ನಿನ ಹೆಸರು, ಅದರ ನಾಲ್ಕು ಅಂಚು ಎಕ್ಸ್‌ಎಂಎಲ್ ಅನ್ನೋ ಪಠ್ಯದ ಫೈಲಲ್ಲಿ ಬರುತ್ತೆ. ನಡುವಿನ ಬಿಂದು ಲೆಕ್ಕ ಹಾಕಿ 'ಇನ್‌ಪುಟ್ ಟ್ಯಾಪ್'. ಕೆಲವು ಆ್ಯಪಲ್ಲಿ ಪಟ್ಟಿ ಖಾಲಿ ಬರುತ್ತೆ, ಆಗ ಸ್ಕ್ರೀನ್‌ಶಾಟೇ ಗತಿ. ಮನೇಲಿರೋ ಹಳೇ ಫೋನ್ ಬಳಸು. ಎಡಿಬಿಗೆ ಬೇಕಾದ ಯುಎಸ್‌ಬಿ ಡೀಬಗಿಂಗ್ ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್ ತೆರೆಯೋದೇ ಇಲ್ಲ.

ಮೂಡಿಗೆರೆಯಿಂದ ಮತ್ತೆ:
ಸರ್, ಮಳೆಗಾಲದಲ್ಲಿ ಬೆಳಿಗ್ಗೆ ಕರೆಂಟೇ ಇರಲ್ಲ. ಆರು ಗಂಟೆಗೆ ಇಟ್ಟ ಸ್ಕ್ರಿಪ್ಟ್ ಏನಾಗುತ್ತೆ?

ಉತ್ತರ:
ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನ ಸೆಟ್ಟಿಂಗ್ಸಲ್ಲಿ, ಹೊತ್ತು ತಪ್ಪಿದರೆ ಆದಷ್ಟು ಬೇಗ ಓಡಿಸು ಅನ್ನೋ ಆಯ್ಕೆ ಇದೆ, ಟಿಕ್ ಹಾಕಿ. ಕಂಪ್ಯೂಟರ್ ಆನ್ ಆದಮೇಲೆ ಓಡುತ್ತೆ. ನೆಟ್ ಬರೋದು ತಡ ಆಗುತ್ತಲ್ಲ, ಸಿಗದಿದ್ದರೆ ಹತ್ತು ನಿಮಿಷ ಬಿಟ್ಟು ಮತ್ತೆ ನೋಡು ಅಂತಲೂ ಸ್ಕ್ರಿಪ್ಟಲ್ಲಿ ಬರೆಸಿ.